ಹೊಸ ಗೇಮಿಂಗ್ ಪಿಸಿ ಒಳಗೆ ಹಳೇ ಎಸ್‌ಎಸ್‌ಡಿ? ಅಂಗಡಿಯವರು ಫೋನ್ ಎತ್ತುತ್ತಿಲ್ಲ

ಪ್ರಶ್ನೆ (ದಾವಣಗೆರೆಯಿಂದ): ಸರ್, ನಾನು ಡಿಪ್ಲೊಮಾ ಕೊನೇ ವರ್ಷದಲ್ಲಿದ್ದೇನೆ. ಎರಡು ವರ್ಷ ಕೂಡಿಟ್ಟ ದುಡ್ಡಿಗೆ ಅಪ್ಪ ಕೊಟ್ಟಿದ್ದನ್ನು ಸೇರಿಸಿ, ಹನ್ನೆರಡು ದಿನದ ಹಿಂದೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿಗಳಿರುವ ಎಸ್‌.ಪಿ. ರೋಡಿಗೆ ಹೋಗಿ 82,000 ರೂಪಾಯಿಗೆ ಪಿಸಿ ಮಾಡಿಸಿಕೊಂಡು ಬಂದೆ. ಐ5-12400 ಪ್ರೊಸೆಸರ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, ಫೈಲ್‌ಗಳನ್ನು ಇಡುವ 1 ಟಿಬಿ ಎಸ್‌ಎಸ್‌ಡಿ, 144 ಹರ್ಟ್ಸ್ ಮಾನಿಟರ್. ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದು, ಮನೆಯಲ್ಲಿ ನಾನೇ ಕೇಬಲ್ ಹಾಕಿದೆ. ಜಿಟಿಎ 5 ಗೇಮ್ ಹಾಕಿದರೆ 20-25 ಎಫ್‌ಪಿಎಸ್ (ಸೆಕೆಂಡಿಗೆ ಅಷ್ಟೇ ಚಿತ್ರ) ಬರುತ್ತಿದೆ. ಫ್ರೆಂಡ್‌ದು ಹಳೇ ಲ್ಯಾಪ್‌ಟಾಪೇ ಇದಕ್ಕಿಂತ ವಾಸಿ.

ಅಂಗಡಿಗೆ ಫೋನ್ ಮಾಡಿದೆ. ಮೊದಲ ಸಲ "ಸಾಫ್ಟ್‌ವೇರ್ ಪ್ರಾಬ್ಲಮ್, ನಮಗೆ ಸಂಬಂಧ ಇಲ್ಲ" ಅಂದರು. ಎರಡನೇ ಸಲ "ಸೈಡ್ ಪ್ಯಾನೆಲ್ ಸ್ಟಿಕ್ಕರ್ ಹರಿದಿದ್ದರೆ ವಾರಂಟಿ ಇಲ್ಲ" ಅಂದರು. ಮೂರನೇ ಸಲ ಎತ್ತಲೇ ಇಲ್ಲ. ಬಿಲ್ಲಿನಲ್ಲಿ "ಅಸೆಂಬಲ್ಡ್ ಕಂಪ್ಯೂಟರ್ - 1" ಅಂತ ಒಂದೇ ಸಾಲು ಇದೆ. ಕೆಳಗೆ "ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಅಂತ ಅಚ್ಚು ಹಾಕಿದ್ದಾರೆ. ನನಗೆ ಮೋಸ ಆಗಿದೆಯಾ?

ಉತ್ತರ (ಪಿಸಿ ಸರ್ವಿಸ್ ಮಾಡುವವರು, ಹುಬ್ಬಳ್ಳಿ): ಮೋಸ ಆಗಿದೆಯೋ ಇಲ್ಲವೋ ಆಮೇಲೆ ನೋಡೋಣ. ಮೊದಲು ಕ್ಯಾಬಿನೆಟ್ ಹಿಂಭಾಗದ್ದು ಒಂದು ಫೋಟೊ ಹಾಕಿ. ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಪೇಜಿನದೂ ಒಂದು ಹಾಕಿ. ಎಸ್‌ಎಸ್‌ಡಿ ಸ್ಥಿತಿ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರದ್ದೂ ಬೇಕು.

ಪ್ರಶ್ನೆ ಕೇಳಿದವರು: ಮೂರೂ ಹಾಕಿದ್ದೇನೆ ಸರ್.

ಉತ್ತರ: ನೋಡಿದೆ. ಮೊದಲನೇ ಫೋಟೊ ನೋಡಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಎಚ್‌ಡಿಎಂಐ ಕೇಬಲ್ ಮೇಲುಗಡೆ, ಯುಎಸ್‌ಬಿ ಪೋರ್ಟ್‌ಗಳ ಪಕ್ಕದಲ್ಲಿದೆ. ಅದು ಮದರ್‌ಬೋರ್ಡಿನದು. ಅದರ ಕೆಳಗೆ ಅಡ್ಡಡ್ಡಲಾಗಿ ನಾಲ್ಕು ಪೋರ್ಟ್ ಕಾಣುತ್ತಿವೆಯಲ್ಲ, ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇನ್ನೂ ಹಾಗೇ ಇದೆ, ಅದು ಗ್ರಾಫಿಕ್ಸ್ ಕಾರ್ಡ್. ನಿಮ್ಮ 12400 ಒಳಗೇ ಒಂದು ಚಿಕ್ಕ ಗ್ರಾಫಿಕ್ಸ್ ಇದೆ, ಯುಎಚ್‌ಡಿ 730 ಅಂತ. ಇಷ್ಟು ದಿನ ನಿಮ್ಮ ಆಟ ನಡೆದಿದ್ದು ಅದರ ಮೇಲೆ. 4060 ಸುಮ್ನೆ ಕೂತಿದೆ, ಪಾಪ. ಹೆಸರಲ್ಲಿ ಎಫ್ ಇರುವ 12400ಎಫ್ ಆಗಿದ್ದರೆ ಪರದೆಯೇ ಬರುತ್ತಿರಲಿಲ್ಲ, ಅವತ್ತೇ ಗೊತ್ತಾಗುತ್ತಿತ್ತು.

ಮುಚ್ಚಳ ತೆಗೆದು ಕೇಬಲ್ ಕೆಳಗೆ ಹಾಕಿ. ಮಾನಿಟರ್ ಜೊತೆ ಡಿಸ್ಪ್ಲೇ ಪೋರ್ಟ್ ಕೇಬಲ್ ಬಂದಿದ್ದರೆ ಅದನ್ನೇ ಹಾಕಿ. ಆಮೇಲೆ ವಿಂಡೋಸ್ ಡಿಸ್ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತೆ ಅನ್ನುವುದು) 60 ಇರುವುದನ್ನು 144 ಮಾಡಿ. ಇದನ್ನು ಮಾಡದೆ ವರ್ಷಗಟ್ಟಲೆ 60ರಲ್ಲೇ ಆಡುವವರನ್ನು ನೋಡಿದ್ದೇನೆ.

ರ‍್ಯಾಮ್ 3200 ವೇಗದ್ದು ಅಂತ ಕೊಟ್ಟಿದ್ದಾರೆ, ಓಡುತ್ತಿರುವುದು 2133ರಲ್ಲಿ. ಬಯೋಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ, ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿದರೆ ಸಾಕು. ಅಂಗಡಿಯವರು ಮಾಡಿಕೊಡಬೇಕಿತ್ತು. ಎರಡು ನಿಮಿಷದ ಕೆಲಸ.

ಇಲ್ಲಿವರೆಗೂ ಮೋಸ ಇಲ್ಲ, ಬರೀ ಉಡಾಫೆ. "ಕೇಬಲ್ ಎಲ್ಲಿ ಹಾಕಿದ್ದೀಯಪ್ಪಾ" ಅಂತ ಫೋನಿನಲ್ಲಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು.

ಆದರೆ ಮೂರನೇ ಫೋಟೊ ಬೇರೆ ಕಥೆ. ಅದರಲ್ಲಿ ಪವರ್ ಆನ್ ಅವರ್ಸ್ ಅಂತ ಒಂದು ಸಾಲಿದೆ, 6,214 ಅಂತಿದೆ. ಅಂದರೆ ಈ ಎಸ್‌ಎಸ್‌ಡಿ 6,214 ಗಂಟೆ ಚಾಲೂ ಇತ್ತು. ಹನ್ನೆರಡು ದಿನ ರಾತ್ರಿ ಹಗಲು ಆನ್ ಇಟ್ಟರೂ ನಿಮ್ಮದು 288 ಗಂಟೆ ದಾಟಲ್ಲ. ಎಂಟೂವರೆ ತಿಂಗಳು ಬಿಡದೆ ಬೇರೆ ಯಾರದೋ ಮಷೀನಿನಲ್ಲಿ ದುಡಿದ ಎಸ್‌ಎಸ್‌ಡಿ ಇದು. ನಿಮಗೆ ಕೊಟ್ಟಿದ್ದು ಹಳೇದು.

ಪ್ರಶ್ನೆ ಕೇಳಿದವರು: ಕೇಬಲ್ ಬದಲಿಸಿದೆ. 120ರ ಮೇಲೆ ಬರುತ್ತಿದೆ! ನಾಚಿಕೆ ಆಗುತ್ತಿದೆ ಸರ್. ಆದರೆ ಎಸ್‌ಎಸ್‌ಡಿ ಡಬ್ಬಿ ಸೀಲ್ ಇತ್ತು ಅಂದಿದ್ದರು. ನಾನು ಊಟಕ್ಕೆ ಹೋದಾಗ ಫಿಟ್ ಮಾಡಿಬಿಟ್ಟಿದ್ದರು. ಸ್ಟಿಕ್ಕರ್ ಹರಿದಿದೆ, ಈಗ ಕೇಳಿದರೆ ಕೊಡುತ್ತಾರಾ?

ಉತ್ತರ: ನಾಚಿಕೆ ಬೇಡ. ಎಂಜಿನಿಯರುಗಳೂ ಅದೇ ತೂತಿಗೆ ಕೇಬಲ್ ಹಾಕಿಕೊಂಡು ನನ್ನ ಹತ್ತಿರ ಬಂದಿದ್ದಾರೆ.

ಆ ಊಟದ ಹೊತ್ತೇ ನೋಡಿ. ನಾನೂ ಶುರುವಿನಲ್ಲಿ ನಾಲ್ಕು ವರ್ಷ ಇಂಥದೇ ಕೌಂಟರ್ ಹಿಂದೆ ನಿಂತವನು. ಗಿರಾಕಿ ಪ್ರೊಸೆಸರ್ ನೋಡುತ್ತಾನೆ, ಗ್ರಾಫಿಕ್ಸ್ ಕಾರ್ಡ್ ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾನೆ. ಅವುಗಳಲ್ಲಿ ನಮಗೆ ಉಳಿಯುತ್ತಿದ್ದದ್ದು ಚಿಲ್ಲರೆ. ದುಡ್ಡು ಇದ್ದದ್ದು ಯಾರೂ ಕೇಳದ ಕಡೆ: ಎಸ್‌ಎಸ್‌ಡಿ, ಎಸ್‌ಎಂಪಿಎಸ್ (ಎಲ್ಲಾ ಪಾರ್ಟ್‌ಗಳಿಗೆ ಕರೆಂಟ್ ಕೊಡುವ ಡಬ್ಬ), ಕ್ಯಾಬಿನೆಟ್. ಅದೇ ರಸ್ತೆಯಲ್ಲಿ ಡಬ್ಬಿ ಗಿರಾಕಿ ಮುಂದೆಯೇ ಒಡೆದು, ಸೀರಿಯಲ್ ನಂಬರ್ ಬರೆದುಕೊಡುವ ಅಂಗಡಿಗಳೂ ಬೇಕಾದಷ್ಟಿವೆ, ಅದನ್ನೂ ಹೇಳಬೇಕು.

ಸ್ಟಿಕ್ಕರ್ ವಿಷಯ ಬಿಡಿ. ಅದು ಅಂಗಡಿಯವರು ಅಂಟಿಸಿದ್ದು, ಎಸ್‌ಎಸ್‌ಡಿ ಕಂಪನಿಯದಲ್ಲ. ಬಿಡಿಭಾಗಗಳ ವಾರಂಟಿ ಕೊಡುವುದು ಆಯಾ ಕಂಪನಿ, ಅಂಗಡಿಯಲ್ಲ. ಅವರ ಸರ್ವಿಸ್ ಸೆಂಟರ್‌ನಲ್ಲಿ ಕೇಳುವುದು ಸೀರಿಯಲ್ ನಂಬರ್ ಮತ್ತು ಬಿಲ್. ಕ್ಯಾಬಿನೆಟ್ ಬಾಗಿಲು ತೆರೆದಿರಾ ಅಂತ ಯಾರೂ ಕೇಳಲ್ಲ. ಸುಟ್ಟ ಗುರುತು, ಮದರ್‌ಬೋರ್ಡಿನ ಸಾಕೆಟ್‌ನಲ್ಲಿ ಬಾಗಿದ ಪಿನ್, ಇವಿದ್ದರೆ ಮಾತ್ರ ಕಷ್ಟ.

ಆದರೆ ನಿಮ್ಮದು ವಾರಂಟಿ ಕೇಸೇ ಅಲ್ಲ. ಹೊಸದು ಅಂತ ಹೇಳಿ ಹಳೇದು ಮಾರಿದ್ದು. ಇದಕ್ಕೆ ಅಂಗಡಿಯೇ ಜವಾಬ್ದಾರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲ್ಲ ಅನ್ನುವುದೇ ತಪ್ಪು ವ್ಯಾಪಾರ. ಬಿಲ್ಲಿನ ಕೆಳಗೆ ಏನು ಅಚ್ಚು ಹಾಕಿದರೂ ಅದು ಅಳಿಸಲ್ಲ. ನಿಮಗೆ ಇನ್ನೂ 18 ದಿನ ಇದೆ. ಹಾಗಂತ ಬಣ್ಣ ಇಷ್ಟ ಆಗಲಿಲ್ಲ ಅಂತ ಕೇಳಲು ಇದು ಬರಲ್ಲ.

ಇವತ್ತೇ ಸ್ಕ್ರೀನ್‌ಶಾಟ್, ಎಸ್‌ಎಸ್‌ಡಿ ಮೇಲಿನ ಸೀರಿಯಲ್ ನಂಬರ್ ಕಾಣುವ ಫೋಟೊ, ಬಿಲ್, ಈ ಮೂರನ್ನೂ ಅಂಗಡಿಯ ವಾಟ್ಸ್‌ಆ್ಯಪ್‌ಗೆ ಕಳಿಸಿ. ಬೈಗುಳ ಬೇಡ. "6,214 ಗಂಟೆ ಓಡಿದೆ, ಹೊಸದು ಕೊಡಿ, ಇಲ್ಲದಿದ್ದರೆ 1915ಕ್ಕೆ ದೂರು ಕೊಡುತ್ತೇನೆ" ಅಂತ ಎರಡು ಸಾಲು ಸಾಕು. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಬೆಂಗಳೂರಿಗೆ ಅಲೆಯಬೇಕಿಲ್ಲ, ನೀವಿರುವ ದಾವಣಗೆರೆಯಲ್ಲೇ ಹಾಕಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ಎರಡು ವರ್ಷದವರೆಗೆ ಅವಕಾಶ ಇದೆ.

ಇನ್ನೊಬ್ಬರು (ಮೈಸೂರು): ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ ಅಂತ ಬಿಲ್ ಇಲ್ಲದೆ, ಬರೀ ಎಸ್ಟಿಮೇಟ್ ಚೀಟಿ ಮೇಲೆ ತಗೊಂಡೆ. ನನ್ನ ಗತಿ?

ಉತ್ತರ: ಉಳಿಸಿದೆ ಅಂತ ನೀವು ಅಂದುಕೊಂಡಿದ್ದೀರಿ ಅಷ್ಟೇ. ಅಂಗಡಿಯವರು ಆ 18 ಪರ್ಸೆಂಟ್ ಪೂರ್ತಿ ಬಿಟ್ಟುಕೊಟ್ಟಿರಲ್ಲ, ಅಲ್ವಾ? ಯುಪಿಐ ರಸೀದಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕೊಟೇಶನ್ ಅಳಿಸಬೇಡಿ, ದೂರಿಗೆ ಅವೂ ಸಾಕ್ಷಿ. ಆದರೆ ಸರ್ವಿಸ್ ಸೆಂಟರ್‌ನಲ್ಲಿ ಚೀಟಿ ನಡೆಯುವುದು ಕಷ್ಟ. ಹೋಗಿ ಬಿಲ್ ಕೇಳಿ, ತೆರಿಗೆ ಕೊಡುತ್ತೇನೆ ಅನ್ನಿ. ಬಿಲ್ ಕೊಡಲ್ಲ ಅನ್ನುವುದೂ ಅದೇ ಕಾಯ್ದೆಯಲ್ಲಿ ತಪ್ಪೇ.

ದಾವಣಗೆರೆಯವರೇ, ಎಸ್‌ಎಸ್‌ಡಿ ಬದಲಿಸುವಾಗ ಎಸ್‌ಎಂಪಿಎಸ್ ಲೇಬಲ್ ಕೂಡ ನೋಡಿ. 4060ಗೆ 115 ವ್ಯಾಟ್, ನಿಮ್ಮ ಪ್ರೊಸೆಸರ್ ಜೋರು ಓಡಿದಾಗ 117. ಒಳ್ಳೇ ಕಂಪನಿಯ, 80 ಪ್ಲಸ್ ಗುರುತಿನ (ಕರೆಂಟ್ ಕಡಿಮೆ ಪೋಲು ಮಾಡುತ್ತೆ ಅನ್ನುವ ಪ್ರಮಾಣಪತ್ರ) 550 ವ್ಯಾಟಿನದು ಧಾರಾಳ ಸಾಕು. ಕೈಗೆ ಹಗುರ ಅನಿಸುವ, ಗುರುತಿಲ್ಲದ ಡಬ್ಬ ಆಗಿದ್ದರೆ ದುಡ್ಡು ಸೇರಿಸಿಯಾದರೂ ಬದಲಿಸಿ. ಅದು ಸತ್ತರೆ ಒಂಟಿಯಾಗಿ ಸಾಯಲ್ಲ.

ಪ್ರಶ್ನೆ ಕೇಳಿದವರು (ಐದು ದಿನದ ನಂತರ): ಸರ್, ಮೆಸೇಜಿಗೆ ಉತ್ತರ ಬರಲಿಲ್ಲ. 1915ಕ್ಕೆ ದೂರು ಕೊಟ್ಟು, ಅದರ ನಂಬರ್ ಕಳಿಸಿದೆ. ಮರುದಿನ ಅವರೇ ಫೋನ್ ಮಾಡಿದರು, ದನಿಯೇ ಬೇರೆ! "ಸ್ಟಾಕ್‌ನಲ್ಲಿ ಅದಲುಬದಲು ಆಗಿದೆ" ಅಂದರು. ನಿನ್ನೆ ಹೋಗಿದ್ದೆ. ಸೀಲ್ ಡಬ್ಬಿ ನನ್ನ ಮುಂದೆಯೇ ಒಡೆದರು. ಎಲ್ಲಾ ಪಾರ್ಟ್‌ಗಳ ಸೀರಿಯಲ್ ನಂಬರ್ ಹಾಕಿ ಹೊಸ ಬಿಲ್ ಕೊಟ್ಟರು. ಟೀನೂ ಕೊಟ್ಟರು. ಎಸ್‌ಎಂಪಿಎಸ್ ಗುರುತಿಲ್ಲದ್ದೇ ಇತ್ತು, 1,800 ಸೇರಿಸಿ ಬದಲಿಸಿದೆ.

ಉತ್ತರ: ಹೊಸ ಎಸ್‌ಎಸ್‌ಡಿ ಗಂಟೆ ನೋಡಿದಿರಾ?

ಪ್ರಶ್ನೆ ಕೇಳಿದವರು: ಅಲ್ಲೇ ಕೌಂಟರ್ ಮೇಲೆ ಆನ್ ಮಾಡಿಸಿ ನೋಡಿದೆ. ಸೊನ್ನೆ.