‘ಇವನೆಸೆಂಟ್ ವೇವ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ವಿಜ್ಞಾನ ದಿನಕ್ಕೆ ಬರುವ ಹೈಸ್ಕೂಲ್ ಮಕ್ಕಳಿಗಾಗಿ ನಮ್ಮ ಎ.ಟಿ.ಆರ್. (ಅಟೆನ್ಯುಯೇಟೆಡ್ ಟೋಟಲ್ ರಿಫ್ಲೆಕ್ಷನ್) ಉಪಕರಣದ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ವಸ್ತು ಯಾವುದು ಅಂತ ಅವಕೆಂಪು ಬೆಳಕಿನಿಂದ ಗುರುತಿಸುವ ಉಪಕರಣ ಇದು. ಒಂದು ಪದಕ್ಕೆ ನಿಮ್ಮ ನೆರವು ಬೇಕು.

ಕೆಲಸ ಹೇಗೆ ನಡೆಯುತ್ತದೆ ಅಂತ ಮೊದಲು ಹೇಳುತ್ತೇನೆ. ಚಿಕ್ಕಪೇಟೆಯಲ್ಲಿ ಕೊಂಡ ಸೀರೆ ರೇಷ್ಮೆಯೋ ಪಾಲಿಯೆಸ್ಟರೋ ಅಂತ ಅನುಮಾನ ಬಂದರೆ ಎಳೆ ಸುಟ್ಟು ನೋಡುವುದು ರೂಢಿ ಅಲ್ವಾ? ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಇಲ್ಲಿ ಸುಡಬೇಕಿಲ್ಲ. ಸೆರಗಿನ ಕುಚ್ಚಿನಿಂದ ಕೆಲವೇ ಮಿಲಿಮೀಟರ್ ಎಳೆ ಸಾಕು. ಅದನ್ನು ಪುಟ್ಟ ವಜ್ರದ ಹರಳಿನ ಮೇಲಿಟ್ಟು, ಮೇಲಿಂದ ತಿರುಪು ಬಿಗಿದು ಒತ್ತುತ್ತೇವೆ. ಅವಕೆಂಪು ಬೆಳಕು ವಜ್ರದ ಒಳಗಿನಿಂದ ಓರೆಯಾಗಿ ಬಂದು, ಮೇಲ್ಮೈಗೆ ತಾಗಿ ಒಳಕ್ಕೇ ಮರಳುತ್ತದೆ. ಆಪ್ಟಿಕಲ್ ಫೈಬರ್‌ನಲ್ಲಿ ನಡೆಯುವ ಪೂರ್ಣ ಆಂತರಿಕ ಪ್ರತಿಫಲನವೇ ಇದು.

ಆದರೆ ಬೆಳಕು ಗಡಿಯಲ್ಲೇ ಗೆರೆ ಎಳೆದ ಹಾಗೆ ನಿಲ್ಲುವುದಿಲ್ಲ. ಸ್ವಲ್ಪ ಆಚೆಗೂ ಚಾಚಿಕೊಂಡಿರುತ್ತದೆ. ವಜ್ರವಾದರೆ ಸುಮಾರು ಒಂದೆರಡು ಮೈಕ್ರಾನ್. ಜರ್ಮೇನಿಯಂ ಹರಳಾದರೆ ಒಂದು ಮೈಕ್ರಾನ್‌ಗೂ ಕಡಿಮೆ. ಅಷ್ಟರಲ್ಲೇ ಎಳೆ ತನ್ನ ಪಾಲಿನ ಬೆಳಕನ್ನು ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಆದರೆ ರೋಹಿತದಲ್ಲಿ (ಯಾವ ಬೆಳಕು ಎಷ್ಟು ಹೀರಿಕೆಯಾಯಿತು ಅನ್ನುವ ನಕ್ಷೆಯಲ್ಲಿ) 1715ರ ಆಸುಪಾಸು ಚೂಪಾದ ಗುರುತು ಬೀಳುತ್ತದೆ. ರೇಷ್ಮೆಗೆ 1620 ಮತ್ತು 1515ರ ಹತ್ತಿರ, ಅವು ಪ್ರೋಟೀನಿನ ಗುರುತು. (ಅಂಕಿಗಳು ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಅನ್ನುವ ಲೆಕ್ಕ.) ಎಳೆಗೆ ದಪ್ಪಗೆ ಗಂಜಿ ಹಾಕಿದ್ದರೆ ಮಾತ್ರ ಗಂಜಿಯೇ ಕಾಣುತ್ತದೆ, ಒಳಗಿನ ನೂಲಲ್ಲ. ಕೆಲಸ ಮುಗಿದ ಮೇಲೆ ಎಳೆ ವಾಪಸ್ ಸಿಗುತ್ತದೆ. ಪೊಟ್ಯಾಸಿಯಂ ಬ್ರೋಮೈಡ್ ಜೊತೆ ಅರೆದು ಬಿಲ್ಲೆ ಒತ್ತುವ ಹಳೇ ವಿಧಾನದಲ್ಲಿ ಅದು ಆಗದ ಮಾತು.

1960ರ ಆಸುಪಾಸಿನಲ್ಲಿ ಫಾರೆನ್‌ಫೋರ್ಟ್ ಮತ್ತು ಹ್ಯಾರಿಕ್ ಅನ್ನುವ ಇಬ್ಬರು ವಿಜ್ಞಾನಿಗಳು ಈ ವಿಧಾನವನ್ನು ಬೇರೆಬೇರೆಯಾಗಿ ರೂಪಿಸಿದರು. ಎ.ಟಿ.ಆರ್. ಅನ್ನುವುದು ಫಾರೆನ್‌ಫೋರ್ಟ್ ಬಳಸಿದ ಹೆಸರು. ಅದನ್ನು ‘ಕುಗ್ಗಿದ ಪೂರ್ಣ ಪ್ರತಿಫಲನ’ ಅಂದರೆ ಪೂರ್ಣವಾದದ್ದು ಕುಗ್ಗುವುದು ಹೇಗೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಹ್ಯಾರಿಕ್ ಒಪ್ಪಿದ ‘ಆಂತರಿಕ ಪ್ರತಿಫಲನ’ವೇ ನನಗೆ ಸರಿ ಅನ್ನಿಸುತ್ತದೆ. ಅದನ್ನೇ ಇಟ್ಟುಕೊಂಡಿದ್ದೇನೆ.

ತೊಡಕಿರುವುದು ಗಡಿಯಾಚೆ ಚಾಚುವ ಆ ಅಲೆಯ, ಅಂದರೆ ‘ಇವನೆಸೆಂಟ್ ವೇವ್’ನ ಹೆಸರಿನಲ್ಲಿ. ‘ಕ್ಷಣಿಕ ಅಲೆ’ ಅಂದರೆ ಅರ್ಥವೇ ಕೆಡುತ್ತದೆ. ಬೆಳಕು ಬೀಳುತ್ತಿರುವವರೆಗೂ ಆ ಅಲೆ ಅಲ್ಲೇ ಇರುತ್ತದೆ. ಅದು ಕ್ಷೀಣಿಸುವುದು ಹೊತ್ತು ಕಳೆದಂತೆ ಅಲ್ಲ, ಗಡಿಯಿಂದ ದೂರ ಹೋದಂತೆ. ‘ಇಂಗುವ ಅಲೆ’ ಕಿವಿಗೆ ಹಿತ. ಆದರೆ ಇಂಗಿದ ನೀರು ವಾಪಸ್ ಬರುವುದಿಲ್ಲ; ಇಲ್ಲಿ ವಜ್ರದ ಮೇಲೆ ಏನೂ ಇಡದಿದ್ದರೆ ಬೆಳಕು ಹೆಚ್ಚುಕಡಿಮೆ ಪೂರ್ತಿ ಮರಳುತ್ತದೆ. ‘ಸೊರಗುವ ಅಲೆ’ಯಲ್ಲೂ ಕಾಲದ ಛಾಯೆಯೇ ಜಾಸ್ತಿ.

ಸದ್ಯಕ್ಕೆ ‘ಅಂಚಿನ ಅಲೆ’ ಅಂತ ಬರೆದಿದ್ದೇನೆ. ಅದು ಎಲ್ಲಿರುತ್ತದೆ ಅನ್ನುವುದನ್ನು ಈ ಹೆಸರು ಸರಿಯಾಗಿ ಹೇಳುತ್ತದೆ. ದೂರ ಹೋದಂತೆ ತೆಳುವಾಗುತ್ತದೆ ಅನ್ನುವುದನ್ನು ಹೇಳುವುದಿಲ್ಲ. ಎರಡನ್ನೂ ಹೇಳುವ ಪದ ನಿಮ್ಮ ಕಡೆ ಬಳಕೆಯಲ್ಲಿದೆಯಾ? ನೇಯ್ಗೆಯವರು, ಬಣ್ಣ ಹಾಕುವವರು ಅಂಚಿನಿಂದ ಒಳಕ್ಕೆ ತಿಳಿಯಾಗುತ್ತಾ ಹೋಗುವ ಬಣ್ಣಕ್ಕೆ ಏನಾದರೂ ಹೇಳುತ್ತಿದ್ದರೆ ದಯವಿಟ್ಟು ತಿಳಿಸಿ, ಜೊತೆಗೆ ಯಾವ ಊರಿನ ಬಳಕೆ ಅನ್ನುವುದನ್ನೂ.