ಪೊರೆ ತೆಳುವಾದಷ್ಟೂ ಕರೆಂಟು ಉಳಿಯುವುದೇ?

ಪ್ರಶ್ನೆ (ಕುಂಬಳೆ)

ನಮ್ಮ ಮನೆ ಅಳಿವೆಗೆ ಹತ್ತಿರವಿರುವುದರಿಂದ ಮಾರ್ಚ್ ಕಳೆಯುತ್ತಲೇ ಬಾವಿಯ ನೀರು ಸವುಳಾಗಿ, ಗಂಜಿಗೆ ಬೇರೆ ಉಪ್ಪು ಬೇಡವೆನ್ನುವಂತಾಗುತ್ತದೆ. ಅಡುಗೆಮನೆಯ ಆರ್‌ಒ ಯಂತ್ರ ಒಂದು ಕೊಡಪಾನ ಕುಡಿಯುವ ನೀರು ಕೊಡುವಷ್ಟರಲ್ಲಿ ಎರಡು ಕೊಡಪಾನ ಹೊರಗೆ ಬಿಡುತ್ತದೆ. ಇಂಥ ಯಂತ್ರದಲ್ಲಿ ಉಪ್ಪನ್ನು ತಡೆದು ನೀರನ್ನು ಮಾತ್ರ ಬಿಡುವುದು ಒಂದು ಪೊರೆ; ಕೆಲವೇ ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ದಪ್ಪದ ಪೊರೆಗಳ ಬಗ್ಗೆ ಓದಿದೆ. ಪೊರೆ ಹತ್ತು ಪಾಲು ತೆಳುವಾದರೆ ವಿದ್ಯುತ್ತಿನ ಖರ್ಚೂ ಹತ್ತರಲ್ಲೊಂದಕ್ಕೆ ಇಳಿಯುವುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಮಂಜೇಶ್ವರ, ರಸಾಯನಶಾಸ್ತ್ರದ ಅಧ್ಯಾಪಕ)

ಅಷ್ಟು ಇಳಿಯದು, ಆದರೂ ಇದರ ಲಾಭ ಸಮುದ್ರದ ನೀರಿಗಿಂತ ನಿಮ್ಮ ಬಾವಿಗೇ ಹೆಚ್ಚು. ಲೀಟರಿಗೆ 35 ಗ್ರಾಂ ಉಪ್ಪಿರುವ ಸಮುದ್ರದ ನೀರಿನ ಅಭಿಸರಣ ಒತ್ತಡ (ಪೊರೆಯ ಮೂಲಕ ಸಿಹಿನೀರನ್ನು ತನ್ನೆಡೆಗೆ ಎಳೆಯುವ ಉಪ್ಪುನೀರಿನ ಸೆಳೆತ) ಸುಮಾರು 27 ಬಾರ್; ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ. ಅರ್ಧದಷ್ಟನ್ನು ಸಿಹಿನೀರಾಗಿ ತೆಗೆಯುವಾಗ ಉಳಿದುದರಲ್ಲಿ ಉಪ್ಪು ಇಮ್ಮಡಿಯಾಗಿ, ಆ ಒತ್ತಡ 54ರ ಹತ್ತಿರ ಏರುತ್ತದೆ. ಇದು ನೀರಿನ ಗುಣವೇ ಹೊರತು ಪೊರೆಯದಲ್ಲ. ಎಂಥ ತೆಳು ಪೊರೆ ಹಾಕಿದರೂ ಪಂಪು ಅದನ್ನು ಮೀರಲೇಬೇಕು. ಹಾಗಾಗಿ ಸಾವಿರ ಲೀಟರಿಗೆ ಸುಮಾರು 1 ಯೂನಿಟ್ ಯಾರೂ ತಪ್ಪಿಸಲಾಗದ ಖರ್ಚು. ಇಂದಿನ ಒಳ್ಳೆಯ ಸ್ಥಾವರಗಳು 3ರಿಂದ 4 ಯೂನಿಟ್ ಬಳಸುತ್ತವೆ. (ಅಷ್ಟೇ ನೀರನ್ನು ಕುದಿಸಿ ಭಟ್ಟಿ ಇಳಿಸಿ, ಶಾಖವನ್ನು ಮರಳಿ ಬಳಸದಿದ್ದರೆ, 600 ಯೂನಿಟ್ ಮೀರುತ್ತದೆ.)

ನಿಮ್ಮ ಬಾವಿಯಲ್ಲಿ ಲೀಟರಿಗೆ 2 ಗ್ರಾಂ ಉಪ್ಪಿದೆ ಎಂದುಕೊಂಡರೆ ಆ ಒತ್ತಡ ಒಂದೂವರೆ ಬಾರ್ ಮಾತ್ರ. ಪಂಪಿನ ಉಳಿದ ಶ್ರಮ ಹೆಚ್ಚಾಗಿ ಪೊರೆಯಲ್ಲಿ ಉಪ್ಪನ್ನು ತಡೆಯುವ ಪಾಲಿಅಮೈಡ್ ಎಂಬ ಪ್ಲಾಸ್ಟಿಕ್ ಪದರದ ಮೂಲಕ ನೀರನ್ನು ತೂರಿಸುವುದಕ್ಕೇ ಹೋಗುತ್ತದೆ. ತೆಳುವಾಗಿಸಿ ಉಳಿಸಬಹುದಾದ ಪಾಲು ಅದೇ. ಮೂರು ಪಟ್ಟು ಸಲೀಸಾಗಿ ನೀರು ಹಾಯುವ ಪೊರೆ ಸಿಕ್ಕರೆ ಸಮುದ್ರದ ನೀರಿಗೆ ಶೇ. 15, ಸವುಳು ನೀರಿಗೆ ಶೇ. 46ರಷ್ಟು ವಿದ್ಯುತ್ತು ಉಳಿದೀತೆಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಲೆಕ್ಕ ಹಾಕಿದ್ದರು. ಮಾರನೆಯ ವರ್ಷ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 10 ನ್ಯಾನೋಮೀಟರಿಗಿಂತ ತೆಳುವಾದ ಪದರವನ್ನೇ ಮಾಡಿ ತೋರಿಸಿದರು. ಆದರೆ ಅದು ಉಪ್ಪುನೀರಿಗಲ್ಲ, ಸಾವಯವ ದ್ರಾವಕಗಳನ್ನು (ಆಲ್ಕೋಹಾಲಿನಂಥ ದ್ರವಗಳನ್ನು) ಸೋಸುವುದಕ್ಕಾಗಿ.

ಉತ್ತರ 2 (ಉಪ್ಪಳ, ಆರ್‌ಒ ರಿಪೇರಿ)

ಮಾಸ್ಟ್ರು ಹೇಳಿದ್ದು ಸರಿ. ಹಳೆಯ ಮೆಂಬ್ರೇನಿನ (ಅದೇ ಪೊರೆಯ) ಸುರುಳಿ ಬಿಚ್ಚಿದರೆ ಹಾಳೆಯ ಮೇಲೆ ಸುಣ್ಣದಂಥ ಬಿಳಿ ಹುಡಿ, ಅದರ ಮೇಲೆ ಬೆರಳಿಗೆ ಜಾರುವ ಲೋಳೆ ಕಾಣುತ್ತದೆ. ನೀರು ವೇಗವಾಗಿ ಹಾದಷ್ಟೂ ಇದು ಬೇಗ ಕಟ್ಟಿಕೊಳ್ಳುವುದರಿಂದ, ತೆಳು ಪೊರೆ ಬಂದರೂ ಅದಕ್ಕಿಂತ ಮುಂಚೆ ನೀರು ಹಾಯುವ ಫಿಲ್ಟರನ್ನು ಸಮಯಕ್ಕೆ ಬದಲಿಸಲೇಬೇಕು. ಹೊರಬರುವ ನೀರನ್ನು ಮಾತ್ರ ದಯವಿಟ್ಟು ಬಾವಿಯ ಹತ್ತಿರ ಬಿಡಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಆ ನೀರು ಇಷ್ಟು ದಿನ ಬಾವಿಕಟ್ಟೆಯ ಬುಡಕ್ಕೇ ಹೋಗುತ್ತಿತ್ತು. ಇಂದೇ ಪೈಪು ತಿರುಗಿಸಿದ್ದೇನೆ. ಬಾವಿಯ ನೀರನ್ನು ಪರೀಕ್ಷೆಗೆ ಕೊಟ್ಟು, ಉಪ್ಪಿನ ಪ್ರಮಾಣವನ್ನು ಇಲ್ಲೇ ತಿಳಿಸುತ್ತೇನೆ.