ಸಮುದ್ರದ ನೀರಿನಿಂದ ಹೈಡ್ರೋಜನ್: ಬ್ಲೀಚಿಂಗ್ ವಾಸನೆ, ಬಿಳಿ ಪದರ, ಕರೆಂಟ್ ಇಳಿತ

ಉಪ್ಪುನೀರು:
ಕಾಲೇಜು ಪ್ರಾಜೆಕ್ಟ್. ಪಣಂಬೂರು ಬೀಚಿನ ನೀರನ್ನು ಬಟ್ಟೆಯಲ್ಲಿ ಸೋಸಿ ಗಾಜಿನ ಜಾಡಿಗೆ ಹಾಕಿದ್ದೇನೆ. ಎರಡೂ ಕಡೆ ಸ್ಟೀಲ್ ತಗಡು, 6 ವೋಲ್ಟ್ ಅಡಾಪ್ಟರ್. ಮೊದಲು ಗುಳ್ಳೆ ಚೆನ್ನಾಗಿ ಬರುತ್ತದೆ. ಆಮೇಲೆ ಮೈನಸ್ ತಗಡಿಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕೂತು ಕರೆಂಟ್ ಇಳಿಯುತ್ತದೆ. ಪ್ಲಸ್ ತಗಡು ಸವೆದು ನೀರು ಕಂದಾಗಿದೆ. ಮೇಲಿಂದ ಬ್ಲೀಚಿಂಗ್ ಪೌಡರ್ ವಾಸನೆ ಬೇರೆ. ಪ್ಲಾಟಿನಮ್ ತರೋಷ್ಟು ದುಡ್ಡಿಲ್ಲ. ಅಗ್ಗದ ಕ್ಯಾಟಲಿಸ್ಟ್ (ಕ್ರಿಯೆ ಚುರುಕು ಮಾಡುವ ವಸ್ತು) ಹಾಕಿದರೆ ಸರಿಹೋಗುತ್ತಾ?

ನಿಕಲ್‌ರಾಯ:
ಮೊದಲು ಸ್ವಿಚ್ ಆರಿಸಿ, ಕಿಟಕಿ ತೆಗೆಯಿರಿ. ಆ ವಾಸನೆ ಕ್ಲೋರಿನ್‌ದು. ಹೈಡ್ರೋಜನ್ ಜೊತೆ ಬೆರೆತರೆ ಬಿಸಿಲು ಬಿದ್ದರೂ ಸಿಡಿಯಬಹುದು. ಕಂದು ನೀರನ್ನು ಸಿಂಕಿಗೆ ಸುರಿಯಬೇಡಿ. ಸ್ಟೀಲಿನ ಕ್ರೋಮಿಯಂ ಅದರಲ್ಲಿ ವಿಷವಾಗಿ ಸೇರಿರಬಹುದು. ಲ್ಯಾಬಿನವರಿಗೆ ಕೊಡಿ.

ಈ ನೀರಿಗೆ ಯಾವ ಕ್ಯಾಟಲಿಸ್ಟ್ ಹಾಕಿದರೂ ಸುಮ್ನೆ ದಂಡ. ನಿಕಲ್ ಕೂಡ ಸವೆಯುತ್ತದೆ. ಬಿಳಿ ಪದರ ಹೆಚ್ಚಾಗಿ ಮೆಗ್ನೀಸಿಯಂ ಹೈಡ್ರಾಕ್ಸೈಡ್. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 1.3 ಗ್ರಾಂ ಮೆಗ್ನೀಸಿಯಂ ಇರುತ್ತದೆ. ಅದನ್ನು ಮೊದಲೇ ತಳಕ್ಕೆ ಇಳಿಸಿಬಿಡಿ. ಲೀಟರಿಗೆ 40 ಗ್ರಾಂ ಕಾಸ್ಟಿಕ್ ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ. ಬಿಸಿಯಾಗುತ್ತದೆ, ಕನ್ನಡಕ, ಗ್ಲೌಸ್ ಇರಲಿ. ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿ ಮಾತ್ರ ಬಸಿದುಕೊಳ್ಳಿ.

ಕಾಸ್ಟಿಕ್ ಹಾಕಿದ ನೀರಲ್ಲಿ ಇನ್ನೊಂದು ಲಾಭವಿದೆ. ಮೊದಲು ಆಮ್ಲಜನಕ ಹೊರಡುತ್ತದೆ. ಉಪ್ಪಿನ ಕ್ಲೋರೈಡ್ ಬ್ಲೀಚ್ ಆಗಬೇಕಾದರೆ ಅದಕ್ಕಿಂತ ಸುಮಾರು 0.48 ವೋಲ್ಟ್ ಜಾಸ್ತಿ ಬೇಕು. ಆ ಸಂದಿಯಲ್ಲೇ ಕೆಲಸ ಮುಗಿಸಬೇಕು. 6 ವೋಲ್ಟ್ ತುಂಬಾ ಆಯ್ತು, 2ರ ಆಸುಪಾಸಿಗೆ ಇಳಿಸಿ. ಸ್ಟೀಲ್ ಬಿಟ್ಟು ನಿಕಲ್ ಫೋಮ್ (ಸ್ಪಂಜಿನ ಹಾಗೆ ತೂತುತೂತಾದ ನಿಕಲ್ ತಗಡು) ಹಾಕಿ.

ಉಪ್ಪುನೀರು:
ಬಿಳಿ ಪದರ ನಿಂತಿತು, ವಾಸನೆಯೂ ಇಲ್ಲ. ಥ್ಯಾಂಕ್ಸ್ ಸರ್. ಆದರೆ ಗುಳ್ಳೆ ತೀರಾ ಕಮ್ಮಿ.

ನಿಕಲ್‌ರಾಯ:
ಬರೀ ನಿಕಲ್ ಮಂದ. ಪ್ಲಸ್ ಕಡೆಗೆ ಕಬ್ಬಿಣ ಸೇರಬೇಕು. ನಿಕಲ್ ನೈಟ್ರೇಟ್ 3 ಪಾಲು, ಐರನ್ ನೈಟ್ರೇಟ್ 1 ಪಾಲು ಇರುವ ತೆಳು ದ್ರಾವಣದಲ್ಲಿ ಫೋಮನ್ನು ಮೈನಸ್‌ಗೆ ಕಟ್ಟಿ ಸ್ವಲ್ಪ ಹೊತ್ತು ಕರೆಂಟ್ ಕೊಡಿ. ಮೇಲೆ ತೆಳು ಲೇಪ ಕೂರುತ್ತದೆ. ನಿಕಲ್ ಲವಣ ವಿಷ, ಲ್ಯಾಬಲ್ಲೇ ಮಾಡಿ. 2019ರಲ್ಲಿ ಸ್ಟ್ಯಾನ್‌ಫರ್ಡ್‌ನ ಹೊಂಗ್‌ಜಿ ದಾಯ್ ತಂಡ ಇದೇ ಜೋಡಿಯ ಕೆಳಗೆ ನಿಕಲ್ ಸಲ್ಫೈಡ್ ಪದರ ಕೊಟ್ಟು 1000 ಗಂಟೆಗೂ ಮೇಲೆ ಓಡಿಸಿತ್ತು. ನಿಮಗೆ ಅಷ್ಟೆಲ್ಲ ಬೇಡ, ಅಲ್ವಾ?

ವಾಸನೆ ಇಲ್ಲ ಅಂತ ನೆಚ್ಚಿಕೊಳ್ಳಬೇಡಿ. ಕ್ಷಾರದಲ್ಲಿ ಬ್ಲೀಚ್ ಕರಗಿಯೇ ಉಳಿಯುತ್ತದೆ. ನಾಲ್ಕು ಹನಿ ತೆಗೆದು ಪೊಟ್ಯಾಸಿಯಂ ಅಯೋಡೈಡ್, ಗಂಜಿ ಹಾಕಿ. ಆಮೇಲೆ ಹುಳಿಯಾಗುವಷ್ಟು ವಿನೆಗರ್. ನೀಲಿಗೆ ತಿರುಗಿದರೆ ವೋಲ್ಟೇಜ್ ಇನ್ನೂ ಇಳಿಸಿ.